ಕೆಳಗೆ ಶೇಂಗಾ ಇದೆ

ಆ ಹುಡುಗನ ವಾಕ್ಯಕ್ಕೆ ನಾನು ಅರ್ಧ ಅಂಕ ಕೊಟ್ಟಿದ್ದೆ. ಕೊಡಬೇಕಾಗಿದ್ದುದು ಒಂದು. ಉಳಿದ ಅರ್ಧ ಇವತ್ತಿಗೂ ನನ್ನ ಬಳಿಯೇ ಇದೆ.

2006ರ ಮಾತು. ಹಾವೇರಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಗೆ ಹತ್ತು ನುಡಿಗಟ್ಟುಗಳನ್ನು ಕೊಟ್ಟು, ಒಂದೊಂದನ್ನೂ ಸ್ವಂತ ವಾಕ್ಯದಲ್ಲಿ ಬಳಸಿರಿ ಎಂದು ಕೇಳಿದ್ದೆ. ಅವುಗಳಲ್ಲಿ ಒಂದು ‘ಲಾಕ್ ಹಾರ್ನ್ಸ್’. ಇಬ್ಬರು ಹಠಕ್ಕೆ ಬಿದ್ದು, ಯಾರೊಬ್ಬರೂ ಬಿಟ್ಟುಕೊಡದೆ ಎದುರುಬದುರಾಗಿ ನಿಂತರೆ ಇಂಗ್ಲಿಷಿನವರು ಹಾಗೆನ್ನುತ್ತಾರೆ: ಕೊಂಬಿಗೆ ಕೊಂಬು ಸಿಕ್ಕಿಸಿಕೊಂಡರು. ತರಗತಿಯಲ್ಲಿ ನಾನು ಹೇಳಿಕೊಟ್ಟ ಮಾದರಿ ವಾಕ್ಯದಲ್ಲಿ ಇಬ್ಬರು ಮಂತ್ರಿಗಳು ಆಯವ್ಯಯದ ವಿಷಯದಲ್ಲಿ ಕೊಂಬು ಸಿಕ್ಕಿಸಿಕೊಂಡಿದ್ದರು. ನಲವತ್ತು ಮಕ್ಕಳಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಅದೇ ಮಂತ್ರಿಗಳನ್ನು ಉತ್ತರಪತ್ರಿಕೆಯಲ್ಲಿ ಮತ್ತೆ ಜಗಳಕ್ಕೆ ನಿಲ್ಲಿಸಿದ್ದರು. ಆ ಹುಡುಗ ಮಾತ್ರ ತನ್ನದೇ ವಾಕ್ಯ ಬರೆದಿದ್ದ. ಅದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ನನ್ನ ಅಪ್ಪ ಮತ್ತು ದೊಡ್ಡಪ್ಪ ಬದುವಿನ ಸಲುವಾಗಿ ಕೊಂಬು ಸಿಕ್ಕಿಸಿಕೊಂಡಿದ್ದಾರೆ, ಕೆಳಗೆ ಶೇಂಗಾ ಇದೆ.’

ಮೊದಲ ಭಾಗಕ್ಕೆ ಸರಿ ಗುರುತು ಹಾಕಿದೆ. ‘ಕೆಳಗೆ ಶೇಂಗಾ ಇದೆ’ ಎಂಬುದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಸಂಬಂಧವಿಲ್ಲ’ ಎಂದು ಬರೆದೆ.

ನುಡಿಗಟ್ಟು ಕಲಿಸುವುದು ವ್ಯಾಕರಣ ಕಲಿಸುವುದಕ್ಕಿಂತ ಕಷ್ಟದ ಕೆಲಸ. ವ್ಯಾಕರಣಕ್ಕೆ ನಿಯಮವಾದರೂ ಇದೆ. ನುಡಿಗಟ್ಟಿಗೆ ಒಂದು ಚಿತ್ರ ಬೇಕು, ಆ ಚಿತ್ರ ಮಗುವಿನ ಕಣ್ಣ ಮುಂದೆ ನಿಲ್ಲದಿದ್ದರೆ ಪದಗಳು ಪದಗಳಾಗಿಯೇ ಉಳಿಯುತ್ತವೆ. ನಮ್ಮ ಹಳ್ಳಿಯ ಮಕ್ಕಳಿಗೆ ‘ಲಾಕ್’ ಗೊತ್ತು, ಅದು ಬಾಗಿಲಿನ ಬೀಗ. ‘ಹಾರ್ನ್’ ಕೂಡ ಗೊತ್ತು, ಅದು ಮುಂಜಾನೆ ಏಳು ಗಂಟೆಯ ಬಸ್ಸಿನದು. ಎರಡನ್ನೂ ಜೋಡಿಸಿದರೆ ಬಸ್ಸಿನ ಹಾರ್ನಿಗೆ ಬೀಗ ಹಾಕಿದ ಹಾಗಾಗುತ್ತದೆ. ಮೊದಲ ವರ್ಷ ಒಬ್ಬ ಹುಡುಗಿ ಹಾಗೆಯೇ ಬರೆದಿದ್ದಳು: ಚಾಲಕ ಹಾರ್ನಿಗೆ ಬೀಗ ಹಾಕಿದ್ದರಿಂದ ಎಮ್ಮೆ ದಾರಿ ಬಿಡಲಿಲ್ಲ. ನಾನು ಕಪ್ಪುಹಲಗೆಯ ಮೇಲೆ ಎರಡು ಹೋರಿಗಳ ಚಿತ್ರ ಬರೆಯಲು ಶುರು ಮಾಡಿದ್ದು ಅದಾದ ಮೇಲೆ.

ಚಿತ್ರ ಸಿಕ್ಕರೂ ವಾಕ್ಯ ಕೂಡುವುದಿಲ್ಲ. ಕೊಂಬು ಬಹುವಚನದಲ್ಲಿಯೇ ಇರಬೇಕು, ‘ಹಾರ್ನ್’ ಎಂದು ಒಂದೇ ಕೊಂಬು ಬರೆದರೆ ತಪ್ಪು. ‘ಅವನ ಕೊಂಬು’, ‘ಅವರ ಕೊಂಬು’ ಎಂದು ಒಡೆಯನ ಹೆಸರನ್ನೂ ಸೇರಿಸುವಂತಿಲ್ಲ. ಯಾರೊಡನೆ ಎನ್ನುವುದಕ್ಕೆ ‘ವಿತ್’, ಯಾವುದರ ಸಲುವಾಗಿ ಎನ್ನುವುದಕ್ಕೆ ‘ಓವರ್’. ಈ ‘ವಿತ್’ ನಮ್ಮ ಮಕ್ಕಳಿಗೆ ಸುಲಭವಾಗಿ ಬರುತ್ತದೆ. ನಾವೂ ‘ಅವನ ಕೂಡ ಜಗಳವಾಯಿತು’ ಎನ್ನುತ್ತೇವಲ್ಲ. ‘ಕೂಡ’ ಎಂಬ ಈ ಮಾತಿನಲ್ಲಿಯೇ ಕೂಡುವುದು ಇದೆ. ಜಗಳವಾಡುವುದಕ್ಕೂ ಇಬ್ಬರು ಕೂಡಬೇಕು, ಒಬ್ಬನೇ ಹಠಮಾರಿಯಾಗಿರಬಹುದು, ಆದರೆ ಒಬ್ಬನೇ ಕೊಂಬು ಸಿಕ್ಕಿಸಿಕೊಳ್ಳಲಾರ. ಒಬ್ಬನ ಹಠಕ್ಕೆ ಇಂಗ್ಲಿಷಿನಲ್ಲಿ ಬೇರೆ ಮಾತಿದೆ, ಹಿಮ್ಮಡಿಯನ್ನು ನೆಲಕ್ಕೆ ಊರುವುದು ಎಂದು. ನಮ್ಮಲ್ಲಿ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಅವನೇ.

ಇನ್ನೊಂದು ಮಾತು ‘ಅಟ್ ಲಾಗರ್‌ಹೆಡ್ಸ್’. ಷೇಕ್ಸ್‌ಪಿಯರ್‌ನ ಕಾಲಕ್ಕೆ ಲಾಗರ್‌ಹೆಡ್ ಎಂದರೆ ದಡ್ಡ, ಮರದ ಕೊರಡಿನಂಥ ತಲೆಯವನು. ಮುಂದೆ ಉದ್ದ ಹಿಡಿಕೆಯ ತುದಿಗೆ ಕಬ್ಬಿಣದ ಗುಂಡು ಇರುವ, ಕಾಯಿಸಿ ಡಾಂಬರು ಕರಗಿಸಲು ಬಳಸುತ್ತಿದ್ದ ಒಂದು ಉಪಕರಣಕ್ಕೂ ಅದೇ ಹೆಸರು ಬಂದಿತು. ಈ ಮಾತು ಒಂದು ಸ್ಥಿತಿಯನ್ನು ಹೇಳುತ್ತದೆ: ಅವರಿಬ್ಬರಿಗೂ ಸರಿ ಇಲ್ಲ, ಅಷ್ಟೇ. ಕೊಂಬಿನ ಮಾತು ಒಂದು ಗಳಿಗೆಯನ್ನು ಹೇಳುತ್ತದೆ, ತಲೆ ಬಗ್ಗಿಸಿ ಮುನ್ನುಗ್ಗಿದ ಗಳಿಗೆಯನ್ನು. ನನಗೆ ಎರಡನೆಯದೇ ಇಷ್ಟ. ಅದರಲ್ಲಿ ಒಂದು ಜೀವ ಇನ್ನೊಂದು ಜೀವದ ಉಸಿರನ್ನು ಮುಖದ ಮೇಲೆ ತಾಳಿಕೊಳ್ಳುವಷ್ಟು ಹತ್ತಿರವಿದೆ.

ಕೊಂಬಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು ಹಿತ್ತಾಳೆಯ ಕೋಡಣಸು ತೊಡಿಸುವ ನೆಲ ಇದು. ದೀಪಾವಳಿ ಬಂದರೆ ಹಾವೇರಿಯ ಸುತ್ತಮುತ್ತ ಹೋರಿಗಳಿಗೆ ಒಣಕೊಬ್ಬರಿಯ ಹಾರ ಕಟ್ಟಿ ಓಡಿಸುತ್ತಾರೆ. ಟಗರಿನ ಕಾಳಗವನ್ನು ನೋಡದವರು ನನ್ನ ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ಟಗರು ಹೇಗೆ ಗುದ್ದುತ್ತದೆ ಎಂದು ನನಗೆ ಸರಿಯಾಗಿ ಹೇಳಿದವರು ಆ ಮಕ್ಕಳೇ. ಅದು ಹಿಂದಕ್ಕೆ ಸರಿಯುತ್ತದೆ, ಓಡಿ ಬಂದು ಹಣೆಗೆ ಹಣೆ ಹೊಡೆಯುತ್ತದೆ, ಮತ್ತೆ ಹಿಂದಕ್ಕೆ ಸರಿಯುತ್ತದೆ. ಅದರ ಕೊಂಬು ಕಿವಿಯ ಬಳಿ ಸುರುಳಿ ಸುತ್ತಿಕೊಂಡಿರುವುದರಿಂದ ಸಿಕ್ಕಿಕೊಳ್ಳುವ ಮಾತೇ ಇಲ್ಲ. ಆದ್ದರಿಂದ ಟಗರಿನ ಜಗಳ ಬೇರೆ, ಇಂಗ್ಲಿಷ್ ನುಡಿಗಟ್ಟು ಹೇಳುವ ಜಗಳ ಬೇರೆ. ಟಗರಿಗೆ ಪ್ರತಿ ಏಟಿನ ನಡುವೆಯೂ ಬಿಟ್ಟು ಹೋಗುವುದಕ್ಕೆ ಒಂದು ಅವಕಾಶವಿದೆ.

ಸಿಕ್ಕಿಕೊಳ್ಳುವುದನ್ನು ನೋಡಬೇಕಾದರೆ ಚಿಗರಿಯನ್ನು ನೋಡಬೇಕು. ಈಗ ನಾನು ಧಾರವಾಡದಿಂದ ಹುಬ್ಬಳ್ಳಿಯ ಶಾಲೆಗೆ ದಿನವೂ ‘ಚಿಗರಿ’ ಬಸ್ಸಿನಲ್ಲಿ ಹೋಗಿಬರುತ್ತೇನೆ. 2018ರಲ್ಲಿ ಈ ಬಸ್ಸುಗಳು ಓಡಲು ಶುರುವಾದಾಗ ಅವುಗಳ ಹೆಸರು ಓದಿ ತುಂಬ ಸಂತೋಷಪಟ್ಟಿದ್ದೆ. ಪುಸ್ತಕದಲ್ಲಿ ಕೃಷ್ಣಮೃಗವಾಗಿರುವ ಪ್ರಾಣಿ ನಮ್ಮ ಎರೆ ಹೊಲಗಳಲ್ಲಿ ಚಿಗರಿಯೇ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆದದ್ದು, ವಿಸ್ತಾರ 119 ಚದರ ಕಿಲೋಮೀಟರ್. ಒಂದು ಚಳಿಗಾಲ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನೀಲಗಿರಿ ತೋಪಿನ ಅಂಚಿನಾಚೆ, ಒಂದು ಗೋವಿನಜೋಳದ ಹೊಲದಲ್ಲಿ, ಎರಡು ಗಂಡು ಚಿಗರಿಗಳು ನಿಂತಿದ್ದವು. ಮೊದಲು ಜಗಳವೇ ಅಲ್ಲವೆನ್ನುವಂತೆ ಮೂಗು ಮೇಲೆತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿ, ಒಂದರ ಪಕ್ಕ ಒಂದು ನಡೆದವು. ತಿರುಗಿದವು. ಮತ್ತೆ ನಡೆದವು. ಎಷ್ಟೋ ಸಲ ಅದು ಅಲ್ಲಿಗೇ ಮುಗಿಯುತ್ತದೆ ಎಂದು ನಮ್ಮ ಜೊತೆಗಿದ್ದ ಅರಣ್ಯ ಕಾವಲುಗಾರರು ಹೇಳಿದರು, ಒಂದು ಸುಮ್ಮನೆ ಹೊರಟುಹೋಗುತ್ತದೆ. ಅವತ್ತು ಮುಗಿಯಲಿಲ್ಲ. ತಲೆ ನೆಲಮಟ್ಟಕ್ಕೆ ಇಳಿಯಿತು, ಒಣ ಕಟ್ಟಿಗೆ ತಾಗಿದಂಥ ಸದ್ದು ಕೇಳಿತು. ಅವುಗಳ ಕೊಂಬು ತಿರುಪಿನಂತೆ ಸುರುಳಿ ಹೊಡೆದಿರುತ್ತದೆ, ಮೇಲೆ ಉಂಗುರ ಉಂಗುರವಾಗಿ ಏಣುಗಳಿರುತ್ತವೆ. ಸುರುಳಿಗೆ ಸುರುಳಿ ಕೂತರೆ ತಳ್ಳಬಹುದು, ತಿರುಚಬಹುದು, ಹಿಂದೆ ಸರಿಯುವುದು ಮಾತ್ರ ಕಷ್ಟ. ಚಿಗರಿಗಳು ಬಿಡಿಸಿಕೊಂಡವು. ಚಳಿ ನಾಡುಗಳ ಜಿಂಕೆಗಳಲ್ಲಿ, ಕವಲು ಕವಲಾದ ಕೊಂಬುಳ್ಳವುಗಳಲ್ಲಿ, ಬಿಡಿಸಿಕೊಳ್ಳಲಾಗದೆ ಎರಡೂ ಅಲ್ಲೇ ಹಸಿದು ಸತ್ತು, ತಲೆಬುರುಡೆಗಳು ಹೆಣೆದುಕೊಂಡಂತೆಯೇ ಸಿಕ್ಕಿದ್ದುಂಟು. ಆ ಜಿಂಕೆಗಳು ಪ್ರತಿ ವರ್ಷ ಕೊಂಬು ಉದುರಿಸಿಕೊಳ್ಳುವ ಜಾತಿಯವು. ಕೆಲವು ತಿಂಗಳು ತಡೆದಿದ್ದರೆ ಜಗಳದ ಆಯುಧವೇ ಕಳಚಿ ಬೀಳುತ್ತಿತ್ತು.

ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಾನೂ ಕೊಂಬನ್ನೇ ನೋಡುತ್ತಿದ್ದೆ. ಹೊಲದ ಬದುವಿನ ಮೇಲೆ ನಿಂತಿದ್ದ ಒಬ್ಬ ರೈತರು ಮಾತ್ರ ಚಿಗರಿಗಳ ಕಾಲ ಕೆಳಗೆ ನೋಡುತ್ತಿದ್ದರು. ಸುಮಾರು ಒಂದು ಕಣದಷ್ಟು ಜಾಗದಲ್ಲಿ ಅವರ ಗೋವಿನಜೋಳ ನೆಲಕಚ್ಚಿತ್ತು.

ನಮ್ಮ ಗಾದೆ ನೆನಪಾದದ್ದು ಆಗ. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಮೃತ್ಯು. ಹಳಬರ ಬಾಯಲ್ಲಿ ಇದು ‘ಗಿಡಕ್ಕೆ ಮಿತ್ತು’. ಎಷ್ಟು ಹಳೆಯ ಮಾತು, ಎಷ್ಟು ಸಲ ಕೇಳಿದ್ದೆ, ಆದರೆ ಇಂಗ್ಲಿಷ್ ನುಡಿಗಟ್ಟಿನ ಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ. ಇಂಗ್ಲಿಷಿನ ಮಾತು ಕೊಂಬಿನ ಮಟ್ಟದಲ್ಲಿ ಕಣ್ಣಿಟ್ಟು ನೋಡುತ್ತದೆ. ಯಾರು ಬಲಶಾಲಿ, ಯಾರು ಸಿಕ್ಕಿಕೊಂಡರು, ಯಾರು ಮಣಿದರು. ನಮ್ಮ ಗಾದೆಗೆ ಕೋಣಗಳ ಸೋಲುಗೆಲುವಿನ ಚಿಂತೆಯಿಲ್ಲ. ಅದು ಬಗ್ಗಿ ನೆಲವನ್ನು ನೋಡುತ್ತದೆ. ಜಗಳದ ಕಥೆಯಲ್ಲಿ ಹೆಸರಿಲ್ಲದ, ಮಾತಾಡಲಾರದ, ಬೇರು ಬಿಟ್ಟದ್ದರಿಂದ ಓಡಿಹೋಗಲೂ ಆಗದ ಒಂದು ಗಿಡ ಅಲ್ಲಿದೆ.

ಕನ್ನಡದಲ್ಲಿ ಜಗಳಕ್ಕೆ ಮಾತುಗಳ ಬರವಿಲ್ಲ. ಎಣ್ಣೆ ಸೀಗೆಕಾಯಿ, ಹಾವು ಮುಂಗುಸಿ, ಹಗ್ಗಜಗ್ಗಾಟ, ಜಿದ್ದಾಜಿದ್ದಿ. ಅವನಿಗೇನು ಎರಡು ಕೋಡು ಮೂಡಿವೆಯೇ ಎಂದು ಕೊಂಬಿನ ಮಾತನ್ನೂ ಆಡುತ್ತೇವೆ, ಅದು ಸೊಕ್ಕಿನ ಮಾತು. ಮಕ್ಕಳಿಗೆ ‘ಲಾಕ್ ಹಾರ್ನ್ಸ್’ ಎಂದರೆ ಜಿದ್ದಿಗೆ ಬೀಳುವುದು ಎಂದು ಅರ್ಥ ಬರೆಸುತ್ತಿದ್ದೆ, ಅದು ತಪ್ಪೂ ಅಲ್ಲ. ಆದರೆ ಆ ಹುಡುಗ ಅರ್ಥ ಬರೆದಿರಲಿಲ್ಲ. ಇಂಗ್ಲಿಷ್ ನುಡಿಗಟ್ಟನ್ನು ತೆಗೆದುಕೊಂಡು, ಯಾರೂ ಹೇಳಿಕೊಡದೆ, ಅದರ ಕೆಳಗೆ ನಮ್ಮ ಗಾದೆಯ ಗಿಡವನ್ನು ನೆಟ್ಟಿದ್ದ. ಗಾದೆಯಲ್ಲಿ ಯಾವುದೋ ಒಂದು ಗಿಡ. ಅವನಲ್ಲಿ ಶೇಂಗಾ.

ದಸರೆಯ ರಜೆ ಮುಗಿಸಿಕೊಂಡು ಶಾಲೆಗೆ ಮರಳಿದ ಮೇಲೆ, ಉತ್ತರಪತ್ರಿಕೆ ಹಂಚಿದ ದಿನ, ಅವನನ್ನು ಸುಮ್ಮನೆ ಕೇಳಿದ್ದೆ.

‘ಶೇಂಗಾ ಕಿತ್ತು ಆಯಿತೇನೋ?’

‘ಇಲ್ಲ ಅಕ್ಕೋರೇ. ಸರ್ವೇಯರ್ ಬರುವ ತನಕ ಯಾರೂ ಹೊಲಕ್ಕೆ ಇಳಿಯಬಾರದು ಎಂದಿದ್ದಾರೆ. ಕಾಯಿ ನೆಲದಲ್ಲೇ ಮೊಳೆತವು.’

ಶೇಂಗಾ ಬೆಳೆದವರಿಗೆ ಇದು ಗೊತ್ತು. ಬಲಿತ ಮೇಲೆ ನೆಲ ಹಸಿಯಾಗಿರುವಾಗಲೇ ಕೀಳಬೇಕು. ತಡವಾದರೆ ಕಾಯಿಯ ತೊಟ್ಟು ಸಡಿಲಾಗಿ, ಗಿಡ ಕಿತ್ತರೆ ಬರಿಯ ಬಳ್ಳಿ ಕೈಗೆ ಬರುತ್ತದೆ, ಕಾಯಿ ಮಣ್ಣಿನಲ್ಲಿ ಉಳಿಯುತ್ತದೆ. ಮೇಲೊಂದು ಮಳೆ ಬಿದ್ದರೆ ಅದು ಅಲ್ಲೇ ಮೊಳಕೆಯೊಡೆಯುತ್ತದೆ. ಹದ್ದುಬಸ್ತಿನ ಅರ್ಜಿ, ಅಳತೆಯ ದಿನ, ಒಬ್ಬರು ಬಂದರೆ ಇನ್ನೊಬ್ಬರು ಬಾರದೆ ಮುಂದೂಡಿದ ದಿನ, ಪಂಚರು ಕೂತ ದಿನ: ಇವೆಲ್ಲ ಕಳೆಯುವುದಕ್ಕೆ ಮೊದಲೇ ಒಂದು ವರ್ಷದ ಬೆಳೆ ಮಣ್ಣಾಯಿತು. ಬದುವಿನ ಅಗಲ ಎಷ್ಟಿದ್ದೀತು? ಎರಡು ಮೊಳ. ‘ಸಂಬಂಧವಿಲ್ಲ’ ಎಂದು ಬರೆದಿದ್ದೆನಲ್ಲ, ಆ ಮೂರು ಮಾತು ವರದಿಯಾಗಿತ್ತು. ಹದಿನಾಲ್ಕು ವರ್ಷದ ಮಗು ತನ್ನ ಮನೆಯ ನಷ್ಟವನ್ನು ಪರೀಕ್ಷೆಯ ಕಾಗದದಲ್ಲಿ ಬರೆದು ನನ್ನ ಕೈಗೆ ಕೊಟ್ಟಿತ್ತು. ಅದನ್ನು ಕೇಳಿಯೂ ನಾನು ಅಂಕ ತಿದ್ದಲಿಲ್ಲ. ಪಟ್ಟಿ ಕಚೇರಿಗೆ ಹೋಗಿಯಾಗಿತ್ತು.

ಪತ್ರಿಕೆಯಲ್ಲಿ ಈ ನುಡಿಗಟ್ಟು ಹೆಚ್ಚಾಗಿ ಸರ್ಕಾರಗಳಿಗೆ ಸಲ್ಲುತ್ತದೆ. ಮಹದಾಯಿಯ ವಿಷಯದಲ್ಲಿ ಕರ್ನಾಟಕ ಮತ್ತು ಗೋವಾ ಕೊಂಬು ಸಿಕ್ಕಿಸಿಕೊಂಡವು ಎಂಬ ಇಂಗ್ಲಿಷ್ ತಲೆಬರಹವನ್ನು ನಾನು ಎಷ್ಟು ಸಲ ಓದಿದ್ದೇನೆ ಎಂಬ ಲೆಕ್ಕವಿಲ್ಲ. 2010ರ ನವೆಂಬರಿನಲ್ಲಿ ನ್ಯಾಯಮಂಡಳಿ ರಚನೆಯಾಯಿತು, 2018ರ ಆಗಸ್ಟ್ 14ರಂದು ತೀರ್ಪು ಬಂದಿತು. ಕರ್ನಾಟಕಕ್ಕೆ ಸಿಕ್ಕಿದ್ದು 13.42 ಟಿಎಂಸಿ, ಅದರಲ್ಲಿ ಕಳಸಾ ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಿಕೊಳ್ಳಬಹುದಾದದ್ದು 3.9 ಟಿಎಂಸಿ. ತೀರ್ಪು ಬಂದರೂ ಕೊಂಬು ಬಿಡಲಿಲ್ಲ, ಸುಪ್ರೀಂ ಕೋರ್ಟಿನಲ್ಲಿ ಮತ್ತೆ ತಳ್ಳಾಟ. ನದಿಯ ಕೆಳಭಾಗದ ಗೋವಾದವರಿಗೆ ತಮ್ಮ ಕಾಡಿನ, ಉಪ್ಪುನೀರು ಒಳನುಗ್ಗುವುದರ ಆತಂಕ ಇದೆ, ಅದು ಸುಳ್ಳಲ್ಲ. ನಮ್ಮ ಆತಂಕವೂ ಸುಳ್ಳಲ್ಲ. ಈ ಅವಳಿ ನಗರದ ನಲ್ಲಿಗೆ ಬರುವುದು ಮಲಪ್ರಭೆಯ ನೀರೇ, ಎಂಟು ದಿನಕ್ಕೊಮ್ಮೆ ಬಂದ ದಿನಗಳನ್ನು ನಾನೇ ಕೊಡದಲ್ಲಿ ಹಿಡಿದಿಟ್ಟಿದ್ದೇನೆ. 2015ರ ಜುಲೈನಲ್ಲಿ ನರಗುಂದದಲ್ಲಿ ಧರಣಿಗೆ ಕೂತ ರೈತರು ವರ್ಷಗಟ್ಟಲೆ ಏಳಲಿಲ್ಲ. ತಲೆಬರಹದಲ್ಲಿ ಎರಡು ರಾಜ್ಯಗಳ ಹೆಸರಿತ್ತು. ಕಾಲುವೆಯ ಕೊನೆಯ ಹೊಲದ ಹೆಸರು ಇರಲಿಲ್ಲ. ಇಂಥ ತಲೆಬರಹವನ್ನು ಓದುವಾಗಲೆಲ್ಲ ನನಗೆ ಆ ಹುಡುಗನ ವಾಕ್ಯದ ಎರಡನೆಯ ಭಾಗ ಬೇಕೆನಿಸುತ್ತದೆ.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಮನೆಯ ಮಾತನ್ನು ಮುಚ್ಚಿಡುವುದು ಸರಿಯಲ್ಲ. ನಾನು ಆ ವಾಕ್ಯಕ್ಕೆ ಗೆರೆ ಎಳೆದ 2006ರಲ್ಲಿ ಗದಗಿನ ನಮ್ಮ ಮನೆಯ ಒಂದು ಬಾಗಿಲಿಗೆ ಎರಡು ಬೀಗಗಳು ಜೋತಾಡುತ್ತಿದ್ದವು.

ಗದಗಿನಲ್ಲಿ ಅಚ್ಚುಕೂಟಗಳು ಬಹಳ. ನಮ್ಮ ಅಜ್ಜನದೂ ಒಂದಿತ್ತು, ಚಿಕ್ಕದು, ಮನೆಗೆ ಅಂಟಿಕೊಂಡ ಮಣ್ಣಿನ ಗೋಡೆಯ ಉದ್ದನೆಯ ಕೋಣೆಯಲ್ಲಿ. ಒಂದು ಟ್ರೆಡಲ್ ಯಂತ್ರ, ಗೋಡೆಯುದ್ದಕ್ಕೂ ಮೊಳೆಗಳ, ಅಂದರೆ ಸೀಸದ ಅಚ್ಚಕ್ಷರಗಳ, ಕೇಸುಗಳು, ನಡುವೆ ಕಡಪಾ ಕಲ್ಲಿನ ಮೇಜು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಅಡತಿ ಅಂಗಡಿಗಳ ಪಾವತಿ ಪುಸ್ತಕ ಅಚ್ಚಾಗುತ್ತಿದ್ದವು. ಯಂತ್ರ ತುಳಿಯುತ್ತಿದ್ದವರು ಅಪ್ಪ, ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದವರು ಕಾಕಾ. ಮೊಳೆ ಜೋಡಿಸುತ್ತಿದ್ದವರು ಮನೆಯವರಲ್ಲ, ಬೆಟಗೇರಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬರು. ನಾವು ಮಕ್ಕಳು ಅವರನ್ನು ಮೊಳೆ ಮಾಮಾ ಎನ್ನುತ್ತಿದ್ದೆವು. ಕನ್ನಡಕ್ಕೆ ಒತ್ತಕ್ಷರಗಳೆಲ್ಲ ಸೇರಿ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಹೆಚ್ಚು ಮನೆಗಳ ಕೇಸು ಬೇಕು. ಯಾವ ಅಕ್ಷರ ಯಾವ ಮನೆಯಲ್ಲಿದೆ ಎಂದು ಅವರು ಕಣ್ಣಿನಿಂದ ಹುಡುಕುತ್ತಿರಲಿಲ್ಲ, ಬೆರಳೇ ಹೋಗಿ ತರುತ್ತಿತ್ತು. ಮೊಳೆಗಳ ಸಾಲುಗಳನ್ನು ಕಬ್ಬಿಣದ ಚೌಕಟ್ಟಿನೊಳಗೆ ಕೂಡಿಸಿ, ಸುತ್ತ ಮರದ ಬೆಣೆ ಬಡಿದು, ‘ಲಾಕ್ ಆಯಿತು ನೋಡ್ರಿ’ ಎಂದು ಅಪ್ಪನ ಕೈಗೆ ಕೊಡುತ್ತಿದ್ದರು. ಚೌಕಟ್ಟನ್ನು ತಲೆಕೆಳಗು ಮಾಡಿದರೂ ಒಂದು ಅಕ್ಷರ ಉದುರುತ್ತಿರಲಿಲ್ಲ. ಅಚ್ಚು ಮುಗಿದ ಸಂಜೆ ಸೀಮೆಎಣ್ಣೆಯಲ್ಲಿ ತೊಳೆದು, ಬೆಣೆ ಸಡಿಲಿಸಿ, ಒಂದೊಂದೇ ಮೊಳೆಯನ್ನು ಅದರ ಮನೆಗೆ ಹಿಂದಿರುಗಿಸುತ್ತಿದ್ದರು. ಬೆಳಿಗ್ಗೆ ಬಿಗಿಯುವುದು ಎಷ್ಟು ಕೆಲಸವೋ ಸಂಜೆ ಬಿಡಿಸುವುದೂ ಅಷ್ಟೇ ಕೆಲಸ.

ಅಜ್ಜ ತೀರಿಕೊಂಡ ಮೇಲೆ, 1998ರಲ್ಲಿ, ಯಂತ್ರವನ್ನು ಮಾರಿ ಆಫ್‌ಸೆಟ್ ತರೋಣ ಎಂದು ಅಪ್ಪ ಹೇಳಿದರು. ಅಜ್ಜನ ಯಂತ್ರ ಮನೆ ಬಿಟ್ಟು ಹೋಗಕೂಡದು ಎಂದು ಕಾಕಾ ಹೇಳಿದರು. ಇಬ್ಬರೂ ತಪ್ಪು ಹೇಳಿರಲಿಲ್ಲ, ಇದನ್ನು ನಾನು ಬಹಳ ಯೋಚಿಸಿ ಬರೆಯುತ್ತಿದ್ದೇನೆ. ಮನೆಯ ವಾಟ್ನಿಯಾಯಿತು. ಪಾತ್ರೆ, ಹೊಲ, ಪಡಸಾಲೆ ಎಲ್ಲವೂ ಎರಡಾದವು. ಯಂತ್ರ ಎರಡಾಗಲಿಲ್ಲ. ಅಪ್ಪ ಒಂದು ದಿನ ಕೊಳ್ಳುವವರನ್ನು ಕರೆದುಕೊಂಡು ಬಂದರು. ಕಾಕಾ ಕೋಣೆಗೆ ಬೀಗ ಹಾಕಿದರು. ಮರುದಿನ ಅಪ್ಪ ಅದೇ ಕೊಂಡಿಗೆ ತಮ್ಮ ಬೀಗವನ್ನೂ ಹಾಕಿದರು. ಒಬ್ಬರು ಬೀಗ ತೆಗೆದರೂ ಬಾಗಿಲು ತೆರೆಯದು. ತಮ್ಮ ಬಂದು ಕೇಳಲಿ ಎಂದು ಇವರು, ಅಣ್ಣ ಬಂದು ಕರೆಯಲಿ ಎಂದು ಅವರು. ಹದಿಮೂರು ವರ್ಷ.

ಆ ಹದಿಮೂರು ವರ್ಷಗಳಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದ್ದುದು ದಸರೆಯ ಸಂಜೆ. ಬನ್ನಿ ಮುಡಿದುಕೊಂಡು ಬಂದು, ಮನೆಮನೆಗೆ ಹೋಗಿ, ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎಂದು ಹಿರಿಯರ ಕಾಲು ಮುಟ್ಟುವ ಹಬ್ಬ ಅದು. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಎಲೆ ಕೈಗಿಟ್ಟು ನಗುತ್ತಾರೆ. ಅಪ್ಪ ಇಡೀ ಓಣಿಗೆ ಬನ್ನಿ ಕೊಡುತ್ತಿದ್ದರು. ಕಾಕಾನೂ ಕೊಡುತ್ತಿದ್ದರು. ಪಕ್ಕದ ಬಾಗಿಲಿನ ಮುಂದೆ ಬಂದಾಗ ಇಬ್ಬರ ಹೆಜ್ಜೆಯೂ ಬೇಗ ಬೀಳುತ್ತಿತ್ತು. ಅವ್ವ ಮತ್ತು ಚಿಗವ್ವ ಹಿತ್ತಲಿನ ಗೋಡೆಯ ಮೇಲಿಂದ ಬನ್ನಿ ಬದಲಿಸಿಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು. 2006ರ ದಸರೆಗೂ ಹೀಗೆಯೇ ಆಯಿತು. ಅದನ್ನು ನೋಡಿ, ಮರುದಿನ ಹಾವೇರಿಯ ಬಸ್ಸು ಹತ್ತಿ, ತಿದ್ದಿದ ಉತ್ತರಪತ್ರಿಕೆಗಳ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಆ ಕಟ್ಟಿನೊಳಗೆ ಶೇಂಗಾದ ವಾಕ್ಯ ಇತ್ತು. ನನಗೆ ಎರಡೂ ಒಂದಕ್ಕೊಂದು ತಾಗಲಿಲ್ಲ.

ನಮ್ಮ ಜಗಳದ ಗಿಡ ಯಾವುದು ಎಂದು ಆಗ ಯಾರಾದರೂ ಕೇಳಿದ್ದರೆ, ನಾವು ಮಕ್ಕಳು ಎಂದು ಹೇಳುತ್ತಿದ್ದೆ. ಕಾಕಾನ ಮಗಳ ಮದುವೆಗೆ ನಾವು ಹೋಗಲಿಲ್ಲ, ನನ್ನ ಮದುವೆಗೆ ಅವಳು ಬರಲಿಲ್ಲ, ಆ ನೋವು ದೊಡ್ಡದೇ. ಆದರೆ ನಮಗೆ ಊಟ ತಪ್ಪಲಿಲ್ಲ. ಅಪ್ಪನಿಗೆ ಬೇರೆಯವರ ಅಚ್ಚುಕೂಟದಲ್ಲಿ ಕೆಲಸ ಸಿಕ್ಕಿತು, ಕಾಕಾ ಕಾಗದದ ಅಂಗಡಿ ಇಟ್ಟರು. ಮೊಳೆ ಮಾಮಾನಿಗೆ ಏನೂ ಸಿಗಲಿಲ್ಲ. ಅವರು ಕೆಲವು ದಿನ ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು, ಬೀಗ ನೋಡಿ, ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದರು. ಊರಿನಲ್ಲಿ ಕಂಪ್ಯೂಟರ್ ಅಕ್ಷರಜೋಡಣೆ ಬರುತ್ತಿದ್ದ ಕಾಲ. ಕೈಯಿಂದ ಮೊಳೆ ಜೋಡಿಸುವವರನ್ನು ಯಾರೂ ಕರೆಯಲಿಲ್ಲ. ಆಮೇಲೆ ಅವರು ಮಾರುಕಟ್ಟೆಯ ಬಳಿ ಬಾಳೆಹಣ್ಣು ಮಾರುತ್ತಿದ್ದುದನ್ನು ನಾನು ಕಂಡಿದ್ದೆ. ಡಜನ್ ಎಣಿಸುವಾಗಲೂ ಅವರ ಬೆರಳು ಹಣ್ಣಿನಿಂದ ಹಣ್ಣಿಗೆ ಅಷ್ಟೇ ವೇಗವಾಗಿ ಹೋಗುತ್ತಿತ್ತು.

2011ರ ಮಳೆಗಾಲದಲ್ಲಿ ಒಂದು ರಾತ್ರಿ ಕೋಣೆಯ ಪಕ್ಕದ ಗೋಡೆ ಬಿತ್ತು. ಮಣ್ಣಿನ ಗೋಡೆ, ಮೇಲ್ಮಾಳಿಗೆಯ ಸೋರುವಿಕೆಯನ್ನು ನೋಡುವವರಿಲ್ಲದೆ ಹದಿಮೂರು ಮಳೆಗಾಲ ನೆನೆದಿತ್ತು. ಬಾಗಿಲು ಮಾತ್ರ ಚೌಕಟ್ಟಿನೊಂದಿಗೆ ಹಾಗೆಯೇ ನಿಂತಿತ್ತು, ಎರಡೂ ಬೀಗಗಳ ಸಮೇತ. ಅದರ ಪಕ್ಕದಲ್ಲಿ ಎತ್ತಿನ ಗಾಡಿ ಹೋಗುವಷ್ಟು ದಾರಿ ತೆರೆದಿತ್ತು. ನಾನು ಸುದ್ದಿ ತಿಳಿದು ಧಾವಿಸಿ ಬಂದಾಗ ಅಪ್ಪ ಮಣ್ಣಿನ ಗುಡ್ಡೆಯ ಈಚೆ ನಿಂತಿದ್ದರು, ಕಾಕಾ ಆಚೆ. ಇಬ್ಬರ ಕೈಯಲ್ಲಿಯೂ ಕೀಲಿಕೈ ಇತ್ತು.

ಯಂತ್ರವನ್ನು ಕೊಳ್ಳುವವರು ಆ ಹೊತ್ತಿಗೆ ಗುಜರಿಯವರು ಮಾತ್ರ. ಅವರು ಬಂದು ಕಬ್ಬಿಣದ ತೂಕಕ್ಕೆ ಒಂದು ದರ, ಮೊಳೆಯ ಸೀಸಕ್ಕೆ ಒಂದು ದರ ಹೇಳಿದರು. ಮಾರಬೇಕೆಂದಿದ್ದ ಅಪ್ಪ ಮಾತಾಡಲಿಲ್ಲ, ಮಾರಕೂಡದೆಂದಿದ್ದ ಕಾಕಾ ಬೇಡವೆನ್ನಲಿಲ್ಲ. ನಾಲ್ಕು ಜನ ಹಮಾಲರು ಸೇರಿ ಯಂತ್ರವನ್ನು ಅಲುಗಾಡಿಸಿದರು, ಅದು ನೆಲ ಬಿಟ್ಟು ಏಳಲಿಲ್ಲ. ಅಪ್ಪ ಮಣ್ಣಿನ ಮೇಲೆ ಹತ್ತಿ ಒಳಗೆ ಹೋಗಿ, ಗಾಲಿಯ ಪಕ್ಕದಲ್ಲಿ ಬಗ್ಗಿದರು. ಎಲ್ಲಿ ಹಿಡಿದರೆ ಅದು ಏಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಎದುರು ಬದಿಯಲ್ಲಿ ಹಿಡಿಯುವವರು ಬೇಕಾಗಿತ್ತು. ತಲೆ ಎತ್ತದೆಯೇ ಹೇಳಿದರು:

‘ತಮ್ಮಾ, ಆ ಕಡೆ ಹಿಡಿ.’

ಕಾಕಾ ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡು ಒಳಗೆ ಹೋದರು.

ಯಂತ್ರ ಹೊರಗೆ ಬಂದ ಮೇಲೆ ಕಾಕಾನೇ ಒಬ್ಬ ಹುಡುಗನನ್ನು ಕಳಿಸಿ ಮೊಳೆ ಮಾಮಾನನ್ನು ಕರೆಸಿದರು. ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಯಾರ ಜೊತೆಗೂ ಮಾತಾಡದೆ ಕಲ್ಲಿನ ಮೇಜಿನ ಬಳಿ ಹೋದರು. ಅಲ್ಲಿ ಒಂದು ಫರ್ಮಾ, ಮೊಳೆ ಕೂಡಿಸಿದ ಚೌಕಟ್ಟು, ಬಿಗಿದ ಹಾಗೆಯೇ ಉಳಿದಿತ್ತು, 1998ರಲ್ಲಿ ಬಾಗಿಲು ಮುಚ್ಚಿದ ದಿನದ್ದು, ಒಂದು ಅಡತಿ ಅಂಗಡಿಯ ಪಾವತಿ. ಮೇಲಿನ ಮಣ್ಣನ್ನು ಅಂಗೈಯಿಂದ ಒರೆಸಿ, ತಿರುವುಮುರುವಾಗಿದ್ದ ಅಕ್ಷರಗಳ ಮೇಲೆ ಬೆರಳಾಡಿಸಿ ಓದಿದರು. ಆಮೇಲೆ ಸೀಮೆಎಣ್ಣೆ ಇದೆಯೇ ಎಂದು ಅವ್ವನನ್ನು ಕೇಳಿದರು. ಚಿಗವ್ವ ತಮ್ಮ ಮನೆಯಿಂದ ಒಂದು ಬಾಟಲಿ ತಂದುಕೊಟ್ಟರು.

ಮೊಳೆಗಳೆಲ್ಲ ಇನ್ನೊಂದು ಗಂಟೆಯಲ್ಲಿ ಚೀಲಕ್ಕೆ ಸೇರಿ ತೂಕಕ್ಕೆ ಹೋಗುವವು ಎಂದು ಅವರಿಗೆ ಗೊತ್ತಿತ್ತು. ಹೊರಗೆ ತಕ್ಕಡಿ ನಿಲ್ಲಿಸಿದ್ದರು. ಅವರು ಫರ್ಮಾ ತೊಳೆದರು, ಒಣಗಿ ಕಲ್ಲಾಗಿದ್ದ ಬೆಣೆಗಳನ್ನು ಒಂದೊಂದಾಗಿ ತಟ್ಟಿ ಸಡಿಲಿಸಿದರು, ಮೊದಲ ಸಾಲನ್ನು ಎಡಗೈಯಲ್ಲಿ ಎತ್ತಿಕೊಂಡರು. ಗುಜರಿಯವರು ಮಾಮಾನನ್ನು ಏನೋ ಕೇಳಲು ಹೋದಾಗ ಅಪ್ಪ ಕೈ ಸನ್ನೆ ಮಾಡಿ ತಡೆದರು. ಅ ಅದರ ಮನೆಗೆ, ಡ ಅದರ ಮನೆಗೆ, ಒತ್ತು ತಕಾರ ಕೆಳಗಿನ ಕೇಸಿಗೆ. ಅಪ್ಪ ಮತ್ತು ಕಾಕಾ ಬಿದ್ದ ಗೋಡೆಯ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಕೂತು ನೋಡುತ್ತಿದ್ದರು.